ಗಿದ್ಯೋನನ ವಿಜಯಕಥೆ : ಅರ್ಥವಿಚಾರ

ಯುದ್ಧದಲ್ಲಿ ಗೆದ್ದವರು ತಮ್ಮ ಗೆಲುವನ್ನು ಕಲ್ಲಿನಲ್ಲಿಯೋ ಗ್ರಂಥದಲ್ಲಿಯೋ ನೆಲೆಗೊಳಿಸುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಪದ್ಧತಿ. ಯಮುನೆಯ ಪೂರ್ವದಡದಲ್ಲಿ, ಈಗಿನ ನೋಯ್ಡಾ ನಗರದ ಗಾಲ್ಫ್ ಮೈದಾನದೊಳಗೆ, ಇಂತಹ ಒಂದು ಸ್ಮಾರಕವಿದೆ. ೧೮೦೩ನೆಯ ಸೆಪ್ಟೆಂಬರ್ ೧೧ರಂದು ಜನರಲ್ ಜೆರಾರ್ಡ್ ಲೇಕನ ನೇತೃತ್ವದ ಇಂಗ್ಲಿಷ್ ಕಂಪೆನಿಯ ಸೈನ್ಯವು ದೌಲತರಾವ್ ಸಿಂಧಿಯನ ಸೈನ್ಯವನ್ನು ಅಲ್ಲಿ ಸೋಲಿಸಿತು. ಸಿಂಧಿಯನ ಪಡೆಗೆ ಲೂಯಿ ಬೂರ್ಕ್ಯಾ ಎಂಬ ಫ್ರೆಂಚ್ ಅಧಿಕಾರಿ ದಂಡನಾಯಕನಾಗಿದ್ದನು. ಲೇಕನ ಬಳಿ ಇದ್ದವರು ಸುಮಾರು ೪,೫೦೦ ಮಂದಿ. ಎದುರಾಳಿಗಳ ಸಂಖ್ಯೆ ಅದರ ಹಲವು ಪಟ್ಟು. ಫಿರಂಗಿಗಳ ನಡುವೆ ಭದ್ರವಾಗಿದ್ದ ಶತ್ರುವನ್ನು ಬಯಲಿಗೆ ಎಳೆಯಲು ಲೇಕನು ತನ್ನ ಕುದುರೆಸೈನ್ಯವು ಹಿಮ್ಮೆಟ್ಟುತ್ತಿರುವಂತೆ ತೋರಿಸಿದನು, ಉಪಾಯವು ಫಲಿಸಿತು. ಅಲ್ಪಬಲ, ಯುಕ್ತಿ, ಬಹುಬಲದ ಪರಾಭವ ಎಂಬ ಈ ಮೂರು ಅಂಶಗಳೂ ಹೀಬ್ರೂ ಜನರ ಪ್ರಾಚೀನ ಧರ್ಮಗ್ರಂಥದ ಒಂದು ಪ್ರಸಿದ್ಧ ಕಥೆಯಲ್ಲಿವೆ. ಆದರೆ ಆ ಕಥೆ ಗೆದ್ದವನ ಸ್ತುತಿಯಲ್ಲ. ಗೆಲುವನ್ನೇ ವಿಚಾರಣೆಗೆ ನಿಲ್ಲಿಸುವ ಕಥೆ. ಅದೇ ಗಿದ್ಯೋನನ ವೃತ್ತಾಂತ.

ಈ ವೃತ್ತಾಂತವು ಕನ್ನಡ ಬೈಬಲಿನಲ್ಲಿ ‘ನ್ಯಾಯಸ್ಥಾಪಕರು’ ಎಂದು ಕರೆಯಲ್ಪಟ್ಟಿರುವ ಗ್ರಂಥದ ಆರರಿಂದ ಎಂಟನೆಯ ಅಧ್ಯಾಯಗಳಲ್ಲಿದೆ. ಮೂಲದಲ್ಲಿರುವ ‘ಶೋಫೇಟ್’ ಎಂಬ ಪದಕ್ಕೆ ನ್ಯಾಯ ಹೇಳುವವನು ಎಂಬುದರೊಡನೆ ಆಳುವವನು, ಬಿಡುಗಡೆ ಮಾಡುವವನು ಎಂಬ ಅರ್ಥಗಳೂ ಉಂಟು. ಇಸ್ರಾಯೇಲ್ಯರಿಗೆ ಇನ್ನೂ ಅರಸನಿರದ ಕಾಲವದು. ಮಿದ್ಯಾನ್ಯರು ಏಳು ವರ್ಷಗಳ ಕಾಲ ಬೆಳೆಯ ಹೊತ್ತಿಗೆ ಒಂಟೆಗಳ ಮೇಲೆ ಬಂದು ನಾಡನ್ನು ಸೂರೆಗೊಳ್ಳುತ್ತಿದ್ದರು. ಅವರ ಕಣ್ಣಿಗೆ ಬೀಳದಂತೆ ದ್ರಾಕ್ಷಿಯ ತೊಟ್ಟಿಯಲ್ಲಿ ಗೋಧಿಯನ್ನು ಬಡಿಯುತ್ತಿದ್ದ ಗಿದ್ಯೋನನಿಗೆ ದೇವರ ಕರೆ ಬರುತ್ತದೆ. ವೀರಕಥೆಯೊಂದು ನಾಯಕನ ಅಂಜಿಕೆಯಿಂದ ಆರಂಭವಾಗುವುದು ಗಮನಾರ್ಹ.

ಕರೆಗೆ ಓಗೊಟ್ಟು ಕೂಡಿದವರು ೩೨,೦೦೦ ಮಂದಿ. ಇಷ್ಟು ಜನರು ಗೆದ್ದರೆ ತಮ್ಮ ಕೈಯೇ ತಮ್ಮನ್ನು ರಕ್ಷಿಸಿತೆಂದು ಬೀಗುವರೆಂಬ ಕಾರಣದಿಂದ ಸೈನ್ಯವನ್ನು ಕುಗ್ಗಿಸಬೇಕೆಂದು ದೈವಾಜ್ಞೆಯಾಗುತ್ತದೆ. ಹೆದರಿದವರು ಹಿಂದಿರುಗಬಹುದೆಂದಾಗ ೨೨,೦೦೦ ಮಂದಿ ಹೊರಟುಹೋಗುತ್ತಾರೆ. ಉಳಿದ ೧೦,೦೦೦ ಮಂದಿಯನ್ನು ನೀರಿನ ಬಳಿ ಪರೀಕ್ಷಿಸಿ, ನಾಯಿಯಂತೆ ನೆಕ್ಕಿ ಕುಡಿದ ೩೦೦ ಮಂದಿಯನ್ನು ಮಾತ್ರ ಇರಿಸಿಕೊಳ್ಳಲಾಗುತ್ತದೆ. ಇವರು ನೂರು ನೂರು ಮಂದಿಯ ಮೂರು ಗುಂಪುಗಳಾಗಿ ನಡುಜಾವದ ಆರಂಭದಲ್ಲಿ ಪಾಳೆಯವನ್ನು ಸುತ್ತುವರಿದು, ಕೊಡಗಳನ್ನು ಒಡೆದು, ಒಳಗೆ ಮರೆಮಾಡಿದ್ದ ಪಂಜುಗಳನ್ನು ಎತ್ತಿ ಹಿಡಿದು, ಕೊಂಬುಗಳನ್ನು ಊದುತ್ತಾರೆ. ಬೆದರಿದ ಶತ್ರುಗಳು ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ಇರಿದುಕೊಂಡು ಓಡುತ್ತಾರೆ.

ವ್ಯಾಖ್ಯಾನದ ಮೊದಲ ತೊಡಕು ನೀರಿನ ಪರೀಕ್ಷೆಯದು. ನೆಕ್ಕಿ ಕುಡಿದವರು ಎಚ್ಚರವುಳ್ಳ ಯೋಧರು, ಬಗ್ಗಿ ಕುಡಿದವರು ಮೈಮರೆತವರು ಎಂಬುದು ಜನಪ್ರಿಯವಾದ ವಿವರಣೆ. ಕ್ರಿಸ್ತಶಕ ಮೊದಲನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೀಫಸನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧವಾದುದು. ಅವನ ಪ್ರಕಾರ ಆಯ್ಕೆಯಾದವರು ಅಂಜಿಕೆಯಿಂದ ಅವಸರವಾಗಿ ಕುಡಿದವರು. ದುರ್ಬಲರಿಂದಲೇ ಗೆಲುವು ಬಂದಿತೆಂದು ತೋರಿಸುವುದು ಪರೀಕ್ಷೆಯ ಉದ್ದೇಶ. ಹನ್ನೊಂದನೆಯ ಶತಮಾನದ ಭಾಷ್ಯಕಾರ ರಾಶಿಯು, ಮೊಣಕಾಲೂರಿದವರು ವಿಗ್ರಹದ ಮುಂದೆ ಮೊಣಕಾಲೂರಿ ಅಭ್ಯಾಸವಿದ್ದವರೆಂದು ಬಗೆದನು. ಮೂಲಗ್ರಂಥವಾದರೋ ನೆಕ್ಕಿದವರ ಯಾವ ಗುಣವನ್ನೂ ಹೊಗಳುವುದಿಲ್ಲ. ಅದು ಸ್ಪಷ್ಟವಾಗಿ ಹೇಳುವ ಕಾರಣ ಒಂದೇ : ಜನರು ಗೆಲುವನ್ನು ತಮ್ಮದೆಂದು ಹೇಳಿಕೊಳ್ಳಬಾರದು. ಆದುದರಿಂದ ಮುನ್ನೂರು ಮಂದಿಯನ್ನು ಆಯ್ದ ಶೂರರೆಂದು ಕೊಂಡಾಡುವ ವ್ಯಾಖ್ಯಾನವು ಕಥೆ ಎಚ್ಚರಿಸುವ ತಪ್ಪನ್ನೇ ಮತ್ತೊಮ್ಮೆ ಮಾಡಿದಂತಾಗುತ್ತದೆ.

ಎರಡನೆಯ ತೊಡಕು ಸಂಖ್ಯೆಗಳದು. ಶತ್ರುಗಳಲ್ಲಿ ೧,೨೦,೦೦೦ ಮಂದಿ ಬಿದ್ದರೆಂದೂ ೧೫,೦೦೦ ಮಂದಿ ಉಳಿದರೆಂದೂ ಗ್ರಂಥವು ಹೇಳುತ್ತದೆ. ಹೀಬ್ರೂವಿನ ‘ಎಲೆಫ್’ ಎಂಬ ಪದವು ಸಾವಿರವೆಂಬ ಅರ್ಥವನ್ನಲ್ಲದೆ ಒಂದು ಕುಲದಿಂದ ಬಂದ ಪಡೆ ಎಂಬ ಅರ್ಥವನ್ನೂ ಕೊಡಬಲ್ಲುದೆಂದು ಅಮೆರಿಕದ ವಿದ್ವಾಂಸ ಜಾರ್ಜ್ ಮೆಂಡನ್‌ಹಾಲ್ ೧೯೫೮ರಲ್ಲಿ ವಾದಿಸಿದನು. ಈ ವಾದವು ಎಲ್ಲೆಡೆಯೂ ಹೊಂದುವುದಿಲ್ಲ. ಆದರೂ ಪ್ರಾಚೀನ ಯುದ್ಧವರ್ಣನೆಯ ಅಂಕಿಗಳನ್ನು ಜನಗಣತಿಯ ಅಂಕಿಗಳಂತೆ ಓದಬಾರದೆಂಬ ಎಚ್ಚರ ಅದರಿಂದ ದೊರೆಯುತ್ತದೆ. ಗಿದ್ಯೋನನಿಗೆ ಯೆರುಬ್ಬಾಳನೆಂಬ ಇನ್ನೊಂದು ಹೆಸರಿತ್ತು. ಆ ಹೆಸರನ್ನು ಶಾಯಿಯಲ್ಲಿ ಬರೆದ ಒಂದು ಮಡಕೆಯ ಚೂರು ಇಸ್ರೇಲಿನ ಖಿರ್ಬೆತ್ ಅಲ್-ರಾಯಿ ಎಂಬಲ್ಲಿ ದೊರೆತು, ೨೦೨೧ರಲ್ಲಿ ಪ್ರಕಟವಾಯಿತು. ಅದರ ಕಾಲ ಸುಮಾರು ಕ್ರಿಸ್ತಪೂರ್ವ ೧೧೦೦. ಆ ಹೆಸರು ಆ ಕಾಲದಲ್ಲಿ ರೂಢಿಯಲ್ಲಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ ; ಚೂರಿನಲ್ಲಿರುವ ಹೆಸರು ಈ ಗಿದ್ಯೋನನದೇ ಎಂಬುದು ಸಿದ್ಧವಾಗುವುದಿಲ್ಲ.

ಒಂದು ಪದದ ಅರ್ಥವು ವಿಜಯಕಥೆಯ ಸ್ವರೂಪವನ್ನೇ ಬದಲಿಸಬಲ್ಲುದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ನಿದರ್ಶನವಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಶಕವರ್ಷ ೮೭೨ಕ್ಕೆ, ಎಂದರೆ ಕ್ರಿಸ್ತಶಕ ೯೪೯-೫೦ಕ್ಕೆ ಸೇರಿದುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದುದನ್ನು ಅದು ತಿಳಿಸುತ್ತದೆ. ಈ ಸಂದರ್ಭದ ಮಾತನ್ನು ಮೊದಲು ಓದಿದಾಗ ಬೂತುಗನು ವಂಚನೆಯಿಂದ ಕೊಂದನೆಂದು ಅರ್ಥಮಾಡಲಾಗಿತ್ತು. ‘ಬಿಸುಗೆ’ ಎಂದರೆ ಆನೆಯ ಮೇಲಣ ಆಸನವೆಂದೂ ‘ಕಳ’ ಎಂದರೆ ರಣರಂಗವೆಂದೂ ತಿಳಿದ ಮೇಲೆ, ಅಂಬಾರಿಯನ್ನೇ ರಣರಂಗವಾಗಿಸಿಕೊಂಡು ಹೋರಾಡಿ ಕೊಂದನೆಂಬ ಅರ್ಥವು ನೆಲೆಗೊಂಡಿತು. ಕಳ್ಳನೆನಿಸಿದ್ದವನು ಕಲಿಯೆನಿಸಿದನು. ಸತ್ತು ಸಾವಿರ ವರ್ಷಗಳಾದವನ ಮಾನಾಪಮಾನಗಳು ಓದುವವನ ಎಚ್ಚರವನ್ನು ಅವಲಂಬಿಸಿರುತ್ತವೆ.

ಆದರೂ ಗಿದ್ಯೋನನ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ತೊಡಕು ಗೆಲುವಿನ ಅನಂತರದ ಭಾಗದ್ದು. ಜನರು ಸಾಮಾನ್ಯವಾಗಿ ಪಂಜು ಕೊಡಗಳವರೆಗೆ ಓದಿ ನಿಲ್ಲಿಸುತ್ತಾರೆ ; ಗ್ರಂಥವು ಅಲ್ಲಿ ನಿಲ್ಲುವುದಿಲ್ಲ. ಓಡಿದವರನ್ನು ಬೆನ್ನಟ್ಟುತ್ತ ಗಿದ್ಯೋನನು ಯೊರ್ದನ್ ಹೊಳೆಯನ್ನು ದಾಟಿ, ದಣಿದ ತನ್ನವರಿಗೆ ರೊಟ್ಟಿಯನ್ನು ಕೇಳಿದಾಗ ಸುಕ್ಕೋತ್ ಮತ್ತು ಪೆನೂವೇಲ್ ಊರುಗಳವರು ಕೊಡಲೊಲ್ಲೆವೆನ್ನುತ್ತಾರೆ. ಹಿಂದಿರುಗುವಾಗ ಅವನು ಸುಕ್ಕೋತಿನ ೭೭ ಮಂದಿ ಹಿರಿಯರ ಹೆಸರುಗಳನ್ನು ಬರೆಯಿಸಿಕೊಂಡು ಮುಳ್ಳುಗಳಿಂದ ದಂಡಿಸುತ್ತಾನೆ. ಪೆನೂವೇಲಿನ ಗೋಪುರವನ್ನು ಕೆಡವಿ ಊರಿನವರನ್ನು ಕೊಲ್ಲುತ್ತಾನೆ. ಇವರು ಶತ್ರುಗಳಲ್ಲ, ಸ್ವಜನರು. ಸೆರೆಸಿಕ್ಕ ಮಿದ್ಯಾನ್ ಅರಸರನ್ನು ಕೊಲ್ಲುವಾಗ, ಅವರು ತನ್ನ ಒಡಹುಟ್ಟಿದವರನ್ನು ಕೊಂದಿದ್ದರೆಂಬ ಕಾರಣವನ್ನು ಕೊಡುತ್ತಾನೆ. ಹೊಳೆ ದಾಟಿದ ಮೇಲಿನ ಈ ಭಾಗದಲ್ಲಿ ದೇವರು ಗಿದ್ಯೋನನೊಡನೆ ಮಾತನಾಡಿದನೆಂದು ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಬಿಡುಗಡೆಯ ಯುದ್ಧವು ಹೊಳೆಯ ಆಚೆ ಸ್ವಂತ ಸೇಡಾಗಿ ತಿರುಗಿದೆ.

ಜನರು ಅರಸುತನವನ್ನು ಒಪ್ಪಿಸಲು ಬಂದಾಗ ಗಿದ್ಯೋನನು, ತಮ್ಮನ್ನು ಆಳತಕ್ಕವನು ದೇವರೇ ಎಂದು ನಿರಾಕರಿಸುತ್ತಾನೆ. ಇದು ಉದಾತ್ತವಾದ ಮಾತು. ಆದರೆ ಮರುಕ್ಷಣವೇ ಸೂರೆಯಲ್ಲಿ ಬಂದ ಕಿವಿಯೋಲೆಗಳನ್ನು ಬೇಡುತ್ತಾನೆ. ಅವುಗಳ ತೂಕ ೧,೭೦೦ ಶೆಕೆಲ್, ಸುಮಾರು ೧೯ ಕಿಲೋಗ್ರಾಂ ಚಿನ್ನ. ಅದರಿಂದ ಮಾಡಿಸಿದ ‘ಏಫೋದ್’ ಎಂಬ ಪೂಜಾವಸ್ತುವು ಅವನ ಮನೆತನಕ್ಕೆ ಉರುಲಾಯಿತೆಂದು ಗ್ರಂಥವೇ ತೀರ್ಪು ಕೊಡುತ್ತದೆ. ಅವನ ಮಗನಾದ ಅಬೀಮೆಲೆಕನು ತನ್ನ ಎಪ್ಪತ್ತು ಮಂದಿ ಸೋದರರನ್ನು ಒಂದೇ ಕಲ್ಲಿನ ಮೇಲೆ ವಧಿಸಲು ಕೈಹಾಕುತ್ತಾನೆ. ಕಿರಿಯನಾದ ಯೋತಾಮನೊಬ್ಬನು ತಪ್ಪಿಸಿಕೊಳ್ಳುತ್ತಾನೆ. ತಂದೆ ಬೇಡವೆಂದ ಪಟ್ಟಕ್ಕಾಗಿ ಮಗನು ಮನೆಯನ್ನೇ ಅಳಿಸಿದನು.

ಆತಕೂರಿನ ಕಲ್ಲನ್ನು ಇಲ್ಲಿ ಮತ್ತೊಮ್ಮೆ ನೆನೆಯಬಹುದು. ಗೆಲುವಿಗೆ ಮೆಚ್ಚಿ ಕೃಷ್ಣನು ಬೂತುಗನಿಗೆ ಬನವಾಸಿ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಭಟನಾದ ಮಣಲೇರನು ಮಾತ್ರ ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತಾಗ, ಅದಕ್ಕಾಗಿ ಕಲ್ಲು ನಿಂತಿತು. ದೊಡ್ಡ ಸಾಮ್ರಾಜ್ಯಗಳ ಯುದ್ಧದ ನೆನಪು ಒಂದು ನಾಯಿಯ ಸ್ಮಾರಕದಲ್ಲಿ ಉಳಿದು ಬಂದಿದೆ. ಗೆದ್ದವನು ಏನನ್ನು ಬೇಡುತ್ತಾನೆಂಬುದು ಗೆಲುವಿನಷ್ಟೇ ವಿಚಾರಾರ್ಹವೆಂಬುದನ್ನು ಹೀಬ್ರೂ ಕಥೆಯೂ ಕನ್ನಡ ಶಾಸನವೂ ತಮ್ಮ ತಮ್ಮ ರೀತಿಯಲ್ಲಿ ತೋರಿಸುತ್ತವೆ.

ಹೀಬ್ರೂ ಗ್ರಂಥಗಳಲ್ಲಿಯೇ ಈ ಗೆಲುವನ್ನು ಎರಡು ಬಗೆಯಾಗಿ ನೆನೆಯಲಾಗಿದೆ. ಪ್ರವಾದಿ ಯೆಶಾಯನ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಮಿದ್ಯಾನಿನ ದಿನವು ಪೀಡಕನ ಕೋಲು ಮುರಿದ ದಿನ. ಅದರ ಬೆನ್ನಲ್ಲೇ ಯೋಧರ ಮೆಟ್ಟುಗಳೂ ರಕ್ತದಲ್ಲಿ ನೆನೆದ ಬಟ್ಟೆಗಳೂ ಬೆಂಕಿಗೆ ಬೀಳುವ ಮಾತು ಬರುತ್ತದೆ. ಎಂಬತ್ತಮೂರನೆಯ ಕೀರ್ತನೆಯಲ್ಲಿಯಾದರೋ ಅದೇ ಘಟನೆಯನ್ನು ಹೇಳಿ, ಇಂದಿನ ಶತ್ರುಗಳಿಗೂ ಹಾಗೆಯೇ ಆಗಲೆಂದು ಬೇಡಲಾಗಿದೆ. ಒಂದು ಯುದ್ಧದ ಕೊನೆಯನ್ನು ಬಯಸುತ್ತದೆ. ಇನ್ನೊಂದು ಯುದ್ಧದ ಪುನರಾವೃತ್ತಿಯನ್ನು. ಮುಂದಿನ ಕಾಲದ ಓದುಗರೂ ಈ ಎರಡು ದಾರಿಗಳಲ್ಲಿಯೇ ನಡೆದಿದ್ದಾರೆ.

ಇವುಗಳಲ್ಲಿ ಯಾವುದು ಮೂಲಕಥೆಗೆ ಹತ್ತಿರವಾದುದೆಂಬುದನ್ನು ಮೂರು ಅಧ್ಯಾಯಗಳನ್ನು ಕೊನೆಯವರೆಗೆ ಓದಿದವರು ತಿಳಿಯಬಲ್ಲರು. ಗೆಲುವು ನಮ್ಮದೆಂಬ ಅಹಂಕಾರ ಬಾರದಿರಲೆಂದು ೩೨,೦೦೦ ಮಂದಿಯನ್ನು ೩೦೦ಕ್ಕೆ ಇಳಿಸಿದ ಕಥೆಯು, ಆ ಮುನ್ನೂರು ಮಂದಿಯ ನಾಯಕನೇ ಅದಕ್ಕೆ ವಶನಾದುದನ್ನು ಮರೆಮಾಡದೆ ಹೇಳಿದೆ. ವಿಜಯಸ್ಮಾರಕಗಳು ಕದನ ಮುಗಿದ ದಿನಕ್ಕೆ ತಮ್ಮ ಬರಹವನ್ನು ಮುಗಿಸುತ್ತವೆ. ಈ ಪ್ರಾಚೀನ ಗ್ರಂಥವು ಮರುದಿನದ ಲೆಕ್ಕವನ್ನೂ ಬರೆದಿಟ್ಟಿದೆ. ಅದರ ಬೆಲೆ ಇರುವುದು ಅಲ್ಲಿಯೇ.