ಶೇಂಗಾ ಬಿಸ್ಕತ್ತೂ ಓವನ್ನಿನ ಲೋಹಪಟ್ಟಿಯೂ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನೊಳಗೆ ಅಕ್ಕಿ ಅರಳುವುದನ್ನು ಕಂಡವರಿಗೆ, ತಿನಿಸು ಗರಿಗರಿಯಾಗಬೇಕಾದರೆ ಅದರೊಳಗಿನ ನೀರು ಹೊರಟುಹೋಗಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಓವನ್ ಮಾಡುವ ಮುಖ್ಯ ಕಾರ್ಯವೂ ಇದೇ. ಆದರೆ ಭಟ್ಟಿಯಲ್ಲಿ ನುರಿತವರ ಕಣ್ಣು ನಿರ್ವಹಿಸುವ ಉಷ್ಣನಿಯಂತ್ರಣವನ್ನು ಚಿಕ್ಕ ಓವನ್‌ಗಳಲ್ಲಿ ಸಾಮಾನ್ಯವಾಗಿ ಗುಂಡಿಯ ಹಿಂದೆ ಅಡಗಿರುವ ಒಂದು ಲೋಹಪಟ್ಟಿ ವಹಿಸಿಕೊಂಡಿರುತ್ತದೆ.

ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿಯದು. ಶಾಖವೇರಿದಂತೆ ಒಂದು ಪದರ ಹೆಚ್ಚು ನೀಳವಾಗಿ, ಇನ್ನೊಂದು ಅದರೊಡನೆ ಸಾಗಲಾರದೆ, ಪಟ್ಟಿ ಬಾಗಿ ವಿದ್ಯುತ್ ಸಂಪರ್ಕವನ್ನು ಕಡಿಯುತ್ತದೆ. ತಣಿದೊಡನೆ ನೇರವಾಗಿ ಮತ್ತೆ ಕೂಡಿಸುತ್ತದೆ. ನಡುನಡುವೆ ಕೇಳಿಬರುವ ‘ಟಿಕ್’ ಸದ್ದು ಇದರದೇ. 18ನೆಯ ಶತಮಾನದಲ್ಲಿ ಜಾನ್ ಹ್ಯಾರಿಸನ್ ತನ್ನ ನೌಕಾಗಡಿಯಾರಗಳಿಗೆ ಅಳವಡಿಸಿದ ಉಪಾಯವಿದು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತುಗಳನ್ನು ನಿರ್ಮಿಸಿದ ಕುಶಲಕರ್ಮಿಗಳಿಗೆ ಕಾದ ಲೋಹದ ಹಿಗ್ಗುವಿಕೆ ನಿತ್ಯದ ಎಚ್ಚರಿಕೆಯ ಸಂಗತಿಯಾಗಿತ್ತು. ಅವರು ಅಳತೆ ತಪ್ಪಿಸುವುದೆಂದು ಕಾಯ್ದು ನೋಡುತ್ತಿದ್ದ ಅದೇ ಗುಣ ಇಲ್ಲಿ ಅಳತೆಯನ್ನು ಕಾಪಾಡುವ ಸೇವಕನಾಗಿರುವುದು ನನಗೆ ಬಹು ಮೆಚ್ಚಿನ ವಿಷಯ.

ಮೊದಲ ‘ಟಿಕ್’ ಕೇಳುವವರೆಗೆ ತಟ್ಟೆಯನ್ನು ಒಳಗಿಡಬಾರದು. ಅಲ್ಲಿಯವರೆಗೆ ಕಾಯಿಲುಗಳು ಎಡೆಬಿಡದೆ ಕೆಂಪಾಗಿ ಉರಿಯುವುದರಿಂದ ಬಿಸ್ಕತ್ತಿನ ಮೇಲ್ಮೈ ಕರಕಲಾಗಿ ಒಳಭಾಗ ಹಸಿಯಾಗಿಯೇ ಉಳಿದೀತು. ಹಿಟ್ಟಿನಲ್ಲಿ ನೀರಿರುವತನಕ ಅದರ ಉಷ್ಣತೆ 100 ಡಿಗ್ರಿಯ ಆಸುಪಾಸನ್ನು ದಾಟದು. ನೀರಾರಿದ ಅಂಚು ಸುಮಾರು 140 ಡಿಗ್ರಿಯನ್ನು ಮುಟ್ಟಿದಾಗಲೇ, 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ವಿವರಿಸಿದ ರಾಸಾಯನಿಕ ಕ್ರಿಯೆ ಚುರುಕಾಗಿ, ಸಕ್ಕರೆಯೂ ಪ್ರೋಟೀನೂ ಕೂಡಿ ಹೊಂಬಣ್ಣವನ್ನೂ ಹುರಿದ ಪರಿಮಳವನ್ನೂ ಕೊಡುತ್ತವೆ. ಆದುದರಿಂದ ತೆಳ್ಳಗೆ ತಟ್ಟಿದ ಬಿಸ್ಕತ್ತಿಗೆ 160 ಡಿಗ್ರಿಯ ಸೌಮ್ಯ ಶಾಖವೇ ಸೂಕ್ತ.

ಶೇಂಗಾಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆ. ಈ ಎಣ್ಣೆ ಮೈದಾಹಿಟ್ಟಿನ ಕಣಗಳನ್ನು ಆವರಿಸಿ, ಅವು ನೀರುಂಡು ನಾರಿನಂತೆ ಹೆಣೆದುಕೊಳ್ಳುವುದನ್ನು ತಡೆಯುವುದರಿಂದ ಬಿಸ್ಕತ್ತು ಹಗುರವಾಗಿ ಮುರಿಯುತ್ತದೆ. ಬೀಜವನ್ನು ಹುರಿದು, ಸಿಪ್ಪೆ ಕೇರಿ, ಪೂರ್ತಿ ತಣಿದ ಮೇಲೆ ತರಿತರಿಯಾಗಿ ಪುಡಿಮಾಡಬೇಕು. ಮಿಕ್ಸಿಯನ್ನು ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಓವನ್ನಿನಿಂದ ತೆಗೆದಾಗ ಬಿಸ್ಕತ್ತು ಮೆತ್ತಗಿದ್ದರೆ ಗಾಬರಿಪಡಬೇಕಾಗಿಲ್ಲ. ಕರಗಿದ ಸಕ್ಕರೆ ತಣಿದು ಗಟ್ಟಿಯಾಗಲು ಅವಕಾಶ ಬೇಕು. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಅದರದೇ ಹಬೆ ಅದನ್ನು ನೆನೆಸುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಹರಿಹರದ ಹೊಳೆದಂಡೆಯ ತೇವದ ಗಾಳಿಯಲ್ಲಿ, ತೆರೆದಿಟ್ಟ ಬಿಸ್ಕತ್ತು ಮೆತ್ತಗಾದರೆ ಎಸೆಯಬೇಡಿರಿ: 120 ಡಿಗ್ರಿಯಲ್ಲಿ ಕೆಲವು ನಿಮಿಷವಿಟ್ಟು ತಣಿಸಿರಿ, ಹೀರಿದ ನೀರು ಹೋಗಿ ಗರಿ ಮರಳಿ ಬರುತ್ತದೆ.