ಡಿವಿಡಿ ಡ್ರೈವಿನ ವೇಗ: ನಮೂದಿಸಿದ್ದೆಷ್ಟು, ದೊರೆಯುವುದೆಷ್ಟು?

ಉದ್ಯೋಗ ನಿಮಿತ್ತ ತವರುನಾಡನ್ನು ಬಿಟ್ಟು ರಾಜಧಾನಿಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಹಳೆಯ ಡಿವಿಡಿಗಳ ಪೆಟ್ಟಿಗೆಯೊಂದು ಇಲ್ಲದ ಮನೆ ಅಪರೂಪ. ಮಗಳ ಮದುವೆ, ಮೊಮ್ಮಗನ ನಾಮಕರಣ, ಊರಿನ ರಥೋತ್ಸವ, ಇಂದು ನಮ್ಮೊಡನಿಲ್ಲದ ಹಿರಿಯರ ಮಾತು ಮತ್ತು ನಗೆ, ಎಲ್ಲವೂ ಅದರಲ್ಲಿ ಅಡಗಿರುತ್ತವೆ. ಕಿದ್ವಾಯಿ ನಗರದಂತಹ ಸರ್ಕಾರಿ ವಸತಿ ಬಡಾವಣೆಗಳಲ್ಲಿ ನೌಕರಿಯಿಂದ ನಿವೃತ್ತರಾದವರು ಮನೆಯನ್ನೂ ತೆರವು ಮಾಡಬೇಕಾಗುತ್ತದೆ. ಪೂರ್ವ ಕಿದ್ವಾಯಿ ನಗರದಲ್ಲಂತೂ ಹಳೆಯ ವಸತಿಗೃಹಗಳೇ ನೆಲಸಮವಾಗಿ, ಎನ್‌ಬಿಸಿಸಿ ಸಂಸ್ಥೆಯು ಕಟ್ಟಿದ ಬಹುಮಹಡಿ ಭವನಗಳು ತಲೆಯೆತ್ತಿವೆ. ಸಾಮಾನು ಕಟ್ಟುವ ಇಂತಹ ಸಮಯದಲ್ಲಿಯೇ ಆ ಪೆಟ್ಟಿಗೆ ಕಣ್ಣಿಗೆ ಬೀಳುವುದು.

ಇಂದಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇಲ್ಲ. ಆದುದರಿಂದ ನೆಹರೂ ಪ್ಲೇಸಿನ ಅಂಗಡಿಯಿಂದ ಒಂದನ್ನು ಕೊಂಡು ತಂದು, ಡಿಸ್ಕಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಾಗುತ್ತದೆ. ಇದನ್ನೇ ‘ರಿಪ್ಪಿಂಗ್’ ಎನ್ನುವರು. ಆಗ ಒಂದು ಸಂಶಯ ಹುಟ್ಟುತ್ತದೆ. ಡ್ರೈವಿನ ಮೇಲೆ 16 ಎಕ್ಸ್ ಎಂದು ಬರೆದಿದೆ; ಕಂಪ್ಯೂಟರಿನ ಪರದೆಯ ಮೇಲೆ 6 ಅಥವಾ 7 ಮಾತ್ರ ಕಾಣುತ್ತಿದೆ. ಡ್ರೈವ್ ಕೆಟ್ಟಿದೆಯೇ? ಅಂಗಡಿಯವನು ವಂಚಿಸಿದನೇ? ಬಹುಮಟ್ಟಿಗೆ ಎರಡೂ ಅಲ್ಲ.

ವೇಗದ ಅಳತೆ

ಡಿವಿಡಿಯ ಲೆಕ್ಕದಲ್ಲಿ 1 ಎಕ್ಸ್ ಎಂದರೆ ಸೆಕೆಂಡಿಗೆ ಸುಮಾರು 1.385 ಮೆಗಾಬೈಟ್. ಸಿಡಿಯ 1 ಎಕ್ಸ್ ಇದರ ಒಂಬತ್ತನೆಯ ಒಂದು ಪಾಲಿನಷ್ಟು ಮಾತ್ರ. ಆದ್ದರಿಂದ ಒಂದೇ ಡ್ರೈವಿನ ಮೇಲೆ ಸಿಡಿಗೆ 48, ಡಿವಿಡಿಗೆ 16 ಎಂದಿದ್ದರೂ ಎರಡನೆಯದೇ ಹೆಚ್ಚಿನ ವೇಗ. ಒಂದು ಪದರದ ಡಿವಿಡಿಯಲ್ಲಿ 4.7 ಗಿಗಾಬೈಟ್ ಹಿಡಿಯುತ್ತದೆ. 1 ಎಕ್ಸ್ ವೇಗದಲ್ಲಿ ಅದನ್ನು ಪೂರ್ತಿ ಓದಲು ಸುಮಾರು 57 ನಿಮಿಷ ಬೇಕು. ಮೊದಲಿನಿಂದ ಕೊನೆಯವರೆಗೂ 16 ಎಕ್ಸ್ ಇದ್ದಿದ್ದರೆ ಮೂರೂವರೆ ನಿಮಿಷ ಸಾಕಾಗುತ್ತಿತ್ತು. ಆದರೆ ಹಾಗಾಗುವುದಿಲ್ಲ.

ಕಾರಣವನ್ನು ಅರಿಯಲು ಬೀಸುವ ಕಲ್ಲನ್ನು ನೆನೆದರೆ ಸಾಕು. ಕಲ್ಲು ಒಂದು ಸುತ್ತು ತಿರುಗುವಷ್ಟರಲ್ಲಿ ಗೂಟದ ಬಳಿಯ ಬಿಂದು ಸ್ವಲ್ಪವೇ ದೂರ ಸಾಗುತ್ತದೆ. ಅಂಚಿನಲ್ಲಿರುವ ಹಿಡಿ ಬಹು ದೂರ ಸಾಗುತ್ತದೆ. ಡಿವಿಡಿಯ ಮಾಹಿತಿಯು ಕೇಂದ್ರದಿಂದ 24 ಮಿಲಿಮೀಟರ್ ದೂರದಲ್ಲಿ ಆರಂಭವಾಗಿ ಸುರುಳಿಯಾಕಾರದಲ್ಲಿ 58 ಮಿಲಿಮೀಟರ್‌ವರೆಗೆ ಹರಡುತ್ತದೆ. ವೇಗದ ಡ್ರೈವುಗಳು ಡಿಸ್ಕನ್ನು ಸಾಮಾನ್ಯವಾಗಿ ಒಂದೇ ಗತಿಯಲ್ಲಿ ತಿರುಗಿಸುತ್ತವೆ. ಹೀಗಾಗಿ ಒಳಭಾಗದಲ್ಲಿ ಲೇಸರ್ ಕಿರಣದ ಮುಂದೆ ಹಾದುಹೋಗುವ ಮಾಹಿತಿ ಕಡಿಮೆ, ಹೊರ ಅಂಚಿನಲ್ಲಿ ಹೆಚ್ಚು. 16 ಎಕ್ಸ್ ಎಂಬುದು ಹೊರ ಅಂಚಿನಲ್ಲಿ ಮಾತ್ರ ದೊರೆಯುವ ಗರಿಷ್ಠ ವೇಗ. ಆರಂಭದಲ್ಲಿ ದೊರೆಯುವುದು ಸುಮಾರು 6.6 ಎಕ್ಸ್, ಒಟ್ಟಿನ ಸರಾಸರಿ ಸುಮಾರು 11.3. ಅಂದರೆ ಎಲ್ಲವೂ ಸರಿಯಾಗಿದ್ದರೂ ತುಂಬಿದ ಡಿಸ್ಕಿಗೆ ಐದು ನಿಮಿಷ ಬೇಕು. ಅರ್ಧ ಮಾತ್ರ ತುಂಬಿದ ಡಿಸ್ಕಿನಲ್ಲಿ ವೇಗವು ಸುಮಾರು 12 ಎಕ್ಸ್‌ಗಿಂತ ಹೆಚ್ಚು ಏರುವುದಿಲ್ಲ, ಏಕೆಂದರೆ ಅಂಚಿನಲ್ಲಿ ಓದಲು ಏನೂ ಇರುವುದಿಲ್ಲ. ಯುಎಸ್‌ಬಿ ತಂತಿಯಿಂದ ಜೋಡಿಸುವ ತೆಳು ಡ್ರೈವುಗಳ ಗರಿಷ್ಠ ವೇಗ ಸಾಮಾನ್ಯವಾಗಿ 8 ಎಕ್ಸ್; ಅವಕ್ಕೆ ಇದರ ಇಮ್ಮಡಿ ಸಮಯ ಹಿಡಿಯುತ್ತದೆ.

ಇತರ ಕಾರಣಗಳು

ಗೀರು, ಧೂಳು, ಬೆರಳಚ್ಚುಗಳಿದ್ದಲ್ಲಿ ಡ್ರೈವ್ ತಾನಾಗಿ ವೇಗವನ್ನು ತಗ್ಗಿಸಿ, ಅದೇ ಭಾಗವನ್ನು ಮತ್ತೆ ಮತ್ತೆ ಓದುತ್ತದೆ. ಐದು ನಿಮಿಷದ ಕೆಲಸ ಅರ್ಧ ಗಂಟೆಯಾಗಬಹುದು. ಇದು ದೋಷವಲ್ಲ, ಎಚ್ಚರಿಕೆ. ಸದ್ದು ಕಡಿಮೆಯಾಗಲೆಂದು ವಿಡಿಯೋ ಡಿಸ್ಕುಗಳನ್ನು ನಿಧಾನವಾಗಿಯೇ ಓದುವಂತೆ ತಯಾರಕರು ಕೆಲವು ಡ್ರೈವುಗಳನ್ನು ರೂಪಿಸಿರುವುದೂ ಉಂಟು. ಓದಿದ ಚಿತ್ರವನ್ನು ಚಿಕ್ಕ ಗಾತ್ರಕ್ಕೆ ಕುಗ್ಗಿಸುವ ಕೆಲಸವೂ ಜೊತೆಗೇ ನಡೆಯುತ್ತಿದ್ದರೆ, ಆ ವಿಳಂಬ ಕಂಪ್ಯೂಟರಿನದು, ಡ್ರೈವಿನದಲ್ಲ.

ಕಿದ್ವಾಯಿ ನಗರದ ನೆರೆಯಲ್ಲಿಯೇ ಏಮ್ಸ್ ಮತ್ತು ಸಫ್ದರ್‌ಜಂಗ್ ಆಸ್ಪತ್ರೆಗಳಿವೆ. ಚಿಕಿತ್ಸೆಗಾಗಿ ಊರಿನಿಂದ ಬರುವ ಬಂಧುಗಳ ಕೈಯಲ್ಲಿ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರಗಳ ಡಿಸ್ಕ್ ಇರುವುದುಂಟು. ಇವುಗಳಲ್ಲಿ ನೂರಾರು ಚಿಕ್ಕ ಕಡತಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಸರಿಯಲು ಲೇಸರ್ ಜೋಡಣೆಗೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾದರೂ ಹಿಡಿಯಬಹುದು. ಹೀಗಾಗಿ ಇಂತಹ ಡಿಸ್ಕುಗಳ ಪ್ರತಿ ಇನ್ನೂ ನಿಧಾನ. ಕಡತಗಳನ್ನು ಬಿಡಿಬಿಡಿಯಾಗಿ ನಕಲಿಸುವ ಬದಲು ಇಡೀ ಡಿಸ್ಕನ್ನು ಒಂದೇ ಪ್ರತಿಯಾಗಿ, ಅಂದರೆ ‘ಐಎಸ್ಒ’ ಕಡತವಾಗಿ, ತೆಗೆದುಕೊಳ್ಳುವುದು ಲೇಸು. ವರ್ಷಗಳ ಬಳಿಕ ವೈದ್ಯರು ಹಳೆಯ ಚಿತ್ರವನ್ನು ಕೇಳಿದಾಗ ಈ ಪ್ರತಿಯೇ ನೆರವಾಗುತ್ತದೆ.

ಅವಸರದ ಅಪಾಯ

16 ಎಕ್ಸ್ ವೇಗದಲ್ಲಿ ಡಿಸ್ಕ್ ನಿಮಿಷಕ್ಕೆ ಸುಮಾರು 9,000 ಸುತ್ತು ತಿರುಗುತ್ತದೆ. ಅದರ ಅಂಚು ಗಂಟೆಗೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ನಡುವಿನ ರಂಧ್ರದ ಬಳಿ ಸೀಳು ಬಿಟ್ಟ ಡಿಸ್ಕ್ ಇಂತಹ ವೇಗದಲ್ಲಿ ಡ್ರೈವಿನೊಳಗೇ ಚೂರಾಗಬಹುದು. ಸೀಳಿದ ಡಿಸ್ಕನ್ನು ವೇಗದ ಡ್ರೈವಿಗೆ ಹಾಕಲೇಬಾರದು. ಗೀರು ಬಿದ್ದುದನ್ನು ತಂತ್ರಾಂಶದ ಮೂಲಕ 4 ಎಕ್ಸ್‌ನಂತಹ ಕಡಿಮೆ ವೇಗಕ್ಕೆ ಇಳಿಸಿ ಓದಿಸಿದರೆ ಅನೇಕ ವೇಳೆ ಫಲ ಸಿಗುತ್ತದೆ. ಒಂದು ಡ್ರೈವ್ ಓದದ ಡಿಸ್ಕನ್ನು ಮತ್ತೊಂದು ಓದುವುದೂ ಉಂಟು. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ಕೇಂದ್ರದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತ ಉಜ್ಜಬಾರದು.

ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರೆದ ಡಿಸ್ಕಿನಲ್ಲಿ ಮಾಹಿತಿಯನ್ನು ಹಿಡಿದಿಡುವುದು ಬಣ್ಣದಂತಹ ಒಂದು ಲೇಪ. ಬಿಸಿಲು ಮತ್ತು ಶಾಖಕ್ಕೆ ಅದು ಕ್ರಮೇಣ ಕೆಡುತ್ತದೆ. ದೆಹಲಿಯ ಬೇಸಗೆಯನ್ನು ಅಟ್ಟದ ಮೇಲೆ ಹಲವು ವರ್ಷ ಕಳೆದ ಡಿಸ್ಕುಗಳನ್ನು ಮೊದಲು ಇಳಿಸಿಕೊಳ್ಳುವುದು ವಿವೇಕ. ಪ್ರತಿ ತೆಗೆದ ಮೇಲೆ ಅದನ್ನು ಆದ್ಯಂತವಾಗಿ ನೋಡಿ ಖಚಿತಪಡಿಸಿಕೊಳ್ಳಬೇಕು. ಎರಡು ಬೇರೆ ಬೇರೆ ಕಡೆ ಇಡಬೇಕು. ಅಲ್ಲಿಯವರೆಗೆ ಮೂಲ ಡಿಸ್ಕನ್ನು ಎಸೆಯಬಾರದು.

ಪರದೆಯ ಮೇಲಿನ ಅಂಕಿ 16ರ ಬದಲು 6 ಎಂದು ತೋರಿಸಿದರೆ ಚಿಂತಿಸಬೇಕಾದುದಿಲ್ಲ. ಡಿಸ್ಕ್ ಇನ್ನೂ ಓದಬಲ್ಲ ಸ್ಥಿತಿಯಲ್ಲಿರುವಾಗ ಕೆಲಸವನ್ನು ಆರಂಭಿಸುವುದು ಮುಖ್ಯ. ಹತ್ತು ನಿಮಿಷದ ಬದಲು ಒಂದು ಗಂಟೆ ಹಿಡಿದರೂ, ಅಜ್ಜಿಯ ದನಿ ಮೊಮ್ಮಕ್ಕಳಿಗೆ ಕೇಳಿಸುವಂತಾದರೆ ಆ ಗಂಟೆ ವ್ಯರ್ಥವಾಗದು.