ಇಪ್ಪತ್ತೊಂದು ದೂರುಗಳು ಹೇಳಿದ ಸತ್ಯ

ವಾಹನ ಕೊಳ್ಳುವ ಮುನ್ನ ಹೆಚ್ಚಿನ ಮನೆಗಳಲ್ಲಿ ನಡೆಯುವ ಕೆಲಸ ಒಂದೇ. ಅದೇ ಮಾದರಿಯ ಗಾಡಿ ಇಟ್ಟುಕೊಂಡವರನ್ನು ಹುಡುಕಿ 'ಹೇಗಿದೆ, ತೊಂದರೆ ಕೊಡುತ್ತದೆಯೇ?' ಎಂದು ಕೇಳುವುದು. ನಾಲ್ಕು ಜನ 'ಚೆನ್ನಾಗಿದೆ' ಎಂದರೆ ಧೈರ್ಯ ಬರುತ್ತದೆ. ಒಬ್ಬ 'ಬೇಡಪ್ಪ' ಎಂದರೆ ಮನಸ್ಸು ಹಿಂಜರಿಯುತ್ತದೆ. ಬಳಸಿದವರ ಅನುಭವಕ್ಕಿಂತ ದೊಡ್ಡ ಪ್ರಮಾಣಪತ್ರ ಇನ್ನೇನಿದೆ ಎಂಬುದು ಎಲ್ಲರ ನಂಬಿಕೆ.

ಈ ನಂಬಿಕೆ ಎಷ್ಟು ಸರಿ, ಎಲ್ಲಿ ತಪ್ಪುತ್ತದೆ ಎಂಬುದನ್ನು ಅಮೆರಿಕದ ಒಂದು ದೊಡ್ಡ ಕುಟುಂಬ ವಾಹನದ ಕಥೆ ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ. ಅದರ ಹೆಸರು ಫೋರ್ಡ್ ಎಕ್ಸ್‌ಪ್ಲೋರರ್. ಸಂಖ್ಯಾಶಾಸ್ತ್ರ ಓದುವ ವಿದ್ಯಾರ್ಥಿಗೆ ಅದೊಂದು ಪಾಠ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುವ ತಂದೆ ತಾಯಿಗೆ ಅದೊಂದು ಎಚ್ಚರಿಕೆ.

ಮನೆಮಂದಿಯ ಗಾಡಿ

ಎಕ್ಸ್‌ಪ್ಲೋರರ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ, 1991ರ ಮಾದರಿಯಾಗಿ. ರೇಂಜರ್ ಎಂಬ ಸಣ್ಣ ಪಿಕಪ್ ಟ್ರಕ್ಕಿನ ಚೌಕಟ್ಟಿನ ಮೇಲೆ ನಾಲ್ಕು ಬಾಗಿಲುಗಳ ವಿಶಾಲವಾದ ಮೈ ಕೂರಿಸಿ ಫೋರ್ಡ್ ಕಂಪೆನಿ ಇದನ್ನು ರೂಪಿಸಿತ್ತು. ಎತ್ತರದಲ್ಲಿ ಕುಳಿತರೆ ರಸ್ತೆ ಚೆನ್ನಾಗಿ ಕಾಣುತ್ತದೆ. ಹಿಂದೆ ಸಾಮಾನು ತುಂಬಲು ಬೇಕಾದಷ್ಟು ಜಾಗ. ಹಿಮ ಬಿದ್ದರೂ ಹೆದರಬೇಕಿಲ್ಲ. ಇಷ್ಟು ಸಾಕಾಯಿತು. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಎಸ್‌ಯುವಿ ಎಂಬ ಹೆಸರನ್ನು ಅದು ಗಳಿಸಿತು. ದಶಕದ ಕೊನೆಯಲ್ಲಿ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಗಾಡಿಗಳು ಮಾರಾಟವಾಗುತ್ತಿದ್ದವು.

ಈ ಗಾಡಿಗಳ ಪೈಕಿ ಬಹುಪಾಲಿಗೆ ಕಾರ್ಖಾನೆಯಲ್ಲೇ ಫೈರ್‌ಸ್ಟೋನ್ ಕಂಪೆನಿಯ ಟೈರುಗಳನ್ನು ಹಾಕಲಾಗುತ್ತಿತ್ತು. ಎಟಿಎಕ್ಸ್ ಮತ್ತು ಆಮೇಲೆ ಬಂದ ವೈಲ್ಡರ್‌ನೆಸ್ ಎಟಿ ಎಂಬ ಹದಿನೈದು ಇಂಚಿನ ಟೈರುಗಳು. ಫೋರ್ಡ್ ಮತ್ತು ಫೈರ್‌ಸ್ಟೋನ್ ನಡುವಿನ ವ್ಯಾಪಾರ ಸಂಬಂಧ 1906ರಷ್ಟು ಹಳೆಯದು. ಇಬ್ಬರು ಸ್ಥಾಪಕರೂ ಆಪ್ತ ಗೆಳೆಯರು. ಜಪಾನಿನ ಬ್ರಿಜ್‌ಸ್ಟೋನ್ ಕಂಪೆನಿ 1988ರಲ್ಲಿ ಫೈರ್‌ಸ್ಟೋನನ್ನು ಕೊಂಡ ಮೇಲೂ ಆ ಸಂಬಂಧ ಮುಂದುವರಿದಿತ್ತು.

ಎಕ್ಸ್‌ಪ್ಲೋರರ್ ಮಾಲೀಕರಲ್ಲಿ ಬಹುಮಂದಿಗೆ ಗಾಡಿಯ ಬಗ್ಗೆ ದೂರಿರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಗಾಡಿಗಳು ನಿಜವಾಗಿಯೂ ಚೆನ್ನಾಗಿಯೇ ಓಡುತ್ತಿದ್ದವು.

ಒಬ್ಬ ವಿಮಾ ನೌಕರನ ಕಣ್ಣು

1998ರ ಜುಲೈ. ಸ್ಟೇಟ್ ಫಾರ್ಮ್ ಎಂಬುದು ಆಗ ಅಮೆರಿಕದ ಅತಿ ದೊಡ್ಡ ವಾಹನ ವಿಮಾ ಸಂಸ್ಥೆಯಾಗಿತ್ತು. ಅಲ್ಲಿ ಪರಿಹಾರ ಕೋರಿ ಬಂದ ಅರ್ಜಿಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದ ಸ್ಯಾಮ್ ಬಾಯ್ಡನ್ ಹಳೆಯ ಕಡತಗಳನ್ನು ಜೋಡಿಸಿ ನೋಡಿದರು. ಫೈರ್‌ಸ್ಟೋನ್ ಎಟಿಎಕ್ಸ್ ಟೈರುಗಳು ಕಿತ್ತುಹೋದ 21 ಪ್ರಕರಣಗಳು ಅವರಿಗೆ ಸಿಕ್ಕವು. ಅವುಗಳಲ್ಲಿ 14 ಎಕ್ಸ್‌ಪ್ಲೋರರ್ ಗಾಡಿಗಳದ್ದು. ಕೆಲವು ಪ್ರಕರಣಗಳು 1992ರಷ್ಟು ಹಿಂದಿನವು.

ಬಾಯ್ಡನ್ ಈ ಪಟ್ಟಿಯನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷಾ ಆಡಳಿತಕ್ಕೆ ಇ-ಮೇಲ್ ಮೂಲಕ ಕಳುಹಿಸಿದರು. ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸುವ ಅಧಿಕಾರ ಇರುವುದು ಈ ಇಲಾಖೆಗೇ. ಆದರೆ ಆಗ ತನಿಖೆ ಆರಂಭವಾಗಲಿಲ್ಲ. ಕೋಟ್ಯಂತರ ಟೈರುಗಳು ಓಡುವ ದೇಶದಲ್ಲಿ 21 ಎಂಬುದು ಯಾವ ಲೆಕ್ಕ ಎಂದು ಯಾರಿಗಾದರೂ ಅನಿಸಬಹುದು.

ಎರಡು ವರ್ಷ ಕಳೆಯಿತು. 2000ದ ಫೆಬ್ರುವರಿಯಲ್ಲಿ ಹ್ಯೂಸ್ಟನ್ ನಗರದ ದೂರದರ್ಶನ ವಾಹಿನಿಯೊಂದು ಈ ಟೈರುಗಳಿಂದಾದ ಸಾವುಗಳ ಬಗ್ಗೆ ವರದಿ ಪ್ರಸಾರ ಮಾಡಿತು. ನೋಡಿದವರು ತಮ್ಮ ತಮ್ಮ ಅನುಭವಗಳನ್ನು ಇಲಾಖೆಗೆ ತಿಳಿಸತೊಡಗಿದರು. ಮೇ ತಿಂಗಳಲ್ಲಿ ತನಿಖೆ ಆರಂಭವಾದಾಗ ಇಲಾಖೆಯ ಕೈಯಲ್ಲಿದ್ದದ್ದು ಸುಮಾರು 90 ದೂರುಗಳು. ಆಗಸ್ಟ್ 9ರಂದು ಫೈರ್‌ಸ್ಟೋನ್ ತನ್ನ ಟೈರುಗಳನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. ಆ ಮಾದರಿಯಲ್ಲಿ ತಯಾರಾಗಿದ್ದ ಟೈರುಗಳು 1 ಕೋಟಿ 44 ಲಕ್ಷ. ಅವುಗಳ ಪೈಕಿ ಇನ್ನೂ ರಸ್ತೆಯಲ್ಲಿವೆ ಎಂದು ಅಂದಾಜು ಮಾಡಿದ್ದು 65 ಲಕ್ಷ. ಎಲ್ಲ ಲೆಕ್ಕ ಮುಗಿದಾಗ ಅಮೆರಿಕದಲ್ಲಿ ಈ ಟೈರುಗಳೊಂದಿಗೆ ತಳುಕು ಹಾಕಿಕೊಂಡ ಸಾವುಗಳ ಸಂಖ್ಯೆ 271ಕ್ಕೆ ಏರಿತ್ತು. ಗಾಯಗೊಂಡವರು 800ಕ್ಕೂ ಹೆಚ್ಚು.

ಟೈರು ಏಕೆ ಕಿತ್ತುಬರುತ್ತದೆ?

ರೇಡಿಯಲ್ ಟೈರಿನ ಹೊರಮೈಯ ಕೆಳಗೆ ಉಕ್ಕಿನ ತಂತಿಗಳ ಎರಡು ಪಟ್ಟಿಗಳಿರುತ್ತವೆ. ಅವುಗಳನ್ನು ಒಂದಕ್ಕೊಂದು ಹಿಡಿದಿಡುವುದು ನಡುವಿನ ರಬ್ಬರು. ಪಟ್ಟಿಯ ಅಂಚಿನಲ್ಲಿ ಸಣ್ಣ ಬಿರುಕು ಹುಟ್ಟಿದರೆ ಚಕ್ರ ಉರುಳಿದಂತೆಲ್ಲ ಅದು ಬೆಳೆಯುತ್ತದೆ. ಹೊರಗಿನಿಂದ ನೋಡಿದರೆ ಟೈರು ಸರಿಯಾಗಿಯೇ ಕಾಣುತ್ತದೆ. ಒಂದು ದಿನ ವೇಗದಲ್ಲಿ ಹೋಗುವಾಗ ಹೊರಪದರ ಪೂರ್ತಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬರುತ್ತದೆ.

ಬಿರುಕು ಬೆಳೆಯಲು ನೆರವಾಗುವುದು ಶಾಖ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಅದರ ಪಕ್ಕೆ ಹೆಚ್ಚು ಬಾಗುತ್ತದೆ. ಬಾಗಿ ನೇರವಾಗುವ ಪ್ರತಿ ಸಲವೂ ರಬ್ಬರಿನಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ಉಳಿಯುತ್ತದೆ. ಅದಕ್ಕೆ ಭಾರ, ವೇಗ ಮತ್ತು ಬೇಸಿಗೆಯ ಬಿಸಿಲು ಸೇರಿದರೆ ಕೇಳಬೇಕೆ! ಬಿಸಿ ಪ್ರದೇಶಗಳಾದ ಟೆಕ್ಸಾಸ್, ಫ್ಲಾರಿಡಾ, ಅರಿಜೋನಾ, ಕ್ಯಾಲಿಫೋರ್ನಿಯಾಗಳಲ್ಲಿ ಅವಘಡಗಳು ಹೆಚ್ಚಾಗಿದ್ದವು. ಟೈರು ಬದಲಾಯಿಸುವಾಗ ಈ ನಾಲ್ಕು ರಾಜ್ಯಗಳಿಗೇ ಮೊದಲ ಆದ್ಯತೆ ಸಿಕ್ಕಿತು. ಎಕ್ಸ್‌ಪ್ಲೋರರ್ ಗಾಡಿಗೆ ಫೋರ್ಡ್ ಸೂಚಿಸಿದ್ದ ಗಾಳಿಯ ಒತ್ತಡ ಚದರ ಇಂಚಿಗೆ 26 ಪೌಂಡ್. ಫೈರ್‌ಸ್ಟೋನ್ 30 ಇರಬೇಕೆಂದು ವಾದಿಸಿತು. 26ರಿಂದ ಹೊರಟ ಟೈರು ತಿಂಗಳುಗಟ್ಟಲೆ ಗಾಳಿ ಕಳೆದುಕೊಂಡರೆ ಅಪಾಯದ ಗೆರೆ ಬೇಗ ಬರುತ್ತದೆ ಎಂಬುದು ಅದರ ಮಾತು.

ಟೈರು ಕಿತ್ತ ಮೇಲೆ ಎರಡನೆಯ ಪ್ರಶ್ನೆ. ಗಾಡಿ ಪಲ್ಟಿ ಹೊಡೆಯುವುದೇಕೆ? ಇದಕ್ಕೆ ಉತ್ತರ ಶಾಲೆಯ ಭೌತಶಾಸ್ತ್ರದಲ್ಲೇ ಇದೆ. ಗುರುತ್ವ ಕೇಂದ್ರ ಎತ್ತರದಲ್ಲಿದ್ದು ಚಕ್ರಗಳ ನಡುವಿನ ಅಗಲ ಕಡಿಮೆಯಿದ್ದರೆ ಗಾಡಿ ಮಗುಚುವುದು ಸುಲಭ. ಆ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಸಿಗುವ ಸಂಖ್ಯೆಯ ಆಧಾರದ ಮೇಲೆ ಅಮೆರಿಕದ ಇಲಾಖೆ 2001ರಿಂದ ವಾಹನಗಳಿಗೆ ನಕ್ಷತ್ರಗಳನ್ನು ಕೊಡತೊಡಗಿತು. ಎತ್ತರದ ಎಸ್‌ಯುವಿಗಳು ಸಾಮಾನ್ಯ ಕಾರುಗಳಷ್ಟು ಅಂಕ ಗಳಿಸಲಾರವು. ರಸ್ತೆಯ ನೋಟ ಚೆನ್ನಾಗಿದೆ ಎಂದು ಮೆಚ್ಚಿದ ಆ ಎತ್ತರವೇ ಇಲ್ಲಿ ಮುಳುವಾಗುತ್ತದೆ.

ತಪ್ಪು ಟೈರಿನದೋ ಗಾಡಿಯದೋ ಎಂಬ ಜಗಳ ಎರಡೂ ಕಂಪೆನಿಗಳ ಸುಮಾರು ನೂರು ವರ್ಷದ ಸ್ನೇಹವನ್ನು 2001ರ ಮೇ ತಿಂಗಳಲ್ಲಿ ಮುರಿಯಿತು. ಅದೇ ತಿಂಗಳು ಫೋರ್ಡ್ ತಾನಾಗಿಯೇ ಇನ್ನೂ 1 ಕೋಟಿ 30 ಲಕ್ಷ ಟೈರುಗಳನ್ನು ಬದಲಿಸುವುದಾಗಿ ಹೇಳಿತು. ಎಕ್ಸ್‌ಪ್ಲೋರರ್ ವಿನ್ಯಾಸವನ್ನೂ ತನಿಖೆಗೆ ಒಳಪಡಿಸಿ ಎಂಬ ಫೈರ್‌ಸ್ಟೋನ್ ಬೇಡಿಕೆಯನ್ನು ಇಲಾಖೆ 2002ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. ಟೈರು ಕಿತ್ತಾಗ ಎಕ್ಸ್‌ಪ್ಲೋರರ್ ವರ್ತಿಸುವ ರೀತಿ ಅದೇ ಬಗೆಯ ಇತರ ಗಾಡಿಗಳಿಗಿಂತ ಬೇರೆಯಾಗಿಲ್ಲ ಎಂಬುದು ಇಲಾಖೆಯ ತೀರ್ಮಾನ.

ಐವತ್ತು ಜನರನ್ನು ಕೇಳಿದರೂ ಸಾಲದು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಷ್ಟು ದೊಡ್ಡ ದೋಷ ಅಷ್ಟು ವರ್ಷ ಏಕೆ ಕಾಣಲಿಲ್ಲ? ಒಂದು ಸರಳ ಲೆಕ್ಕ ಮಾಡಬಹುದು. ಒಂದು ಮಾದರಿಯ ಹತ್ತು ಸಾವಿರ ಗಾಡಿಗಳಲ್ಲಿ ಒಂದಕ್ಕೆ ಮಾತ್ರ ಪ್ರಾಣಾಂತಿಕ ದೋಷ ಬರುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ಕೊಳ್ಳಬೇಕೆಂದಿರುವವರು ಐವತ್ತು ಮಾಲೀಕರನ್ನು ವಿಚಾರಿಸಿದರು. ಐವತ್ತೂ ಜನ 'ಏನೂ ತೊಂದರೆಯಿಲ್ಲ' ಎನ್ನುವ ಸಾಧ್ಯತೆ ಶೇ 99.5. ಆದರೆ ಅಂಥ ಗಾಡಿಗಳು ಇಪ್ಪತ್ತು ಲಕ್ಷ ಇದ್ದರೆ ಅವುಗಳಲ್ಲಿ 200 ಕುಟುಂಬಗಳು ಅಪಾಯಕ್ಕೆ ಸಿಕ್ಕಿರುತ್ತವೆ. ಐವತ್ತು ಜನ ಹೇಳಿದ್ದೂ ನಿಜ, ಇನ್ನೂರು ಮನೆಗಳ ದುಃಖವೂ ನಿಜ.

ಕ್ಲಚ್ ಬೇಗ ಸವೆಯುತ್ತದೆ, ಏರ್ ಕಂಡಿಷನರ್ ಕೈಕೊಡುತ್ತದೆ, ಬಾಗಿಲು ಕಿರುಗುಟ್ಟುತ್ತದೆ ಎಂಬಂಥ ದೋಷಗಳು ನೂರರಲ್ಲಿ ಹತ್ತಿಪ್ಪತ್ತು ಗಾಡಿಗಳಿಗೆ ಬರುತ್ತವೆ. ಅವು ನೆರೆಹೊರೆಯವರ ಬಾಯಲ್ಲೇ ತಿಳಿಯುತ್ತವೆ. ಅಪರೂಪದ, ಆದರೆ ಪ್ರಾಣ ತೆಗೆಯುವ ದೋಷಗಳು ಹಾಗಲ್ಲ. ಊರಿಗೊಂದು, ಜಿಲ್ಲೆಗೊಂದರಂತೆ ಚೆದುರಿಹೋಗಿ ಪ್ರತಿಯೊಂದೂ 'ದುರದೃಷ್ಟ' ಎನಿಸಿಕೊಂಡು ಮುಗಿಯುತ್ತದೆ. ಸತ್ತವರು ದೂರು ಬರೆಯುವುದಿಲ್ಲ ಎಂಬ ಕಹಿ ಮಾತೂ ಇಲ್ಲಿ ಸೇರಿಕೊಳ್ಳುತ್ತದೆ. ಎಲ್ಲ ಕಡತಗಳೂ ಒಂದೇ ಮೇಜಿನ ಮೇಲೆ ಬೀಳುವ ವಿಮಾ ಕಚೇರಿಯಲ್ಲಿ ಮಾತ್ರ ಅವು ಸಾಲಾಗಿ ಕಂಡವು.

ಇದರಲ್ಲೊಂದು ಸೋಜಿಗವೂ ಉಂಟು. ಮಾಹಿತಿ ಫೈರ್‌ಸ್ಟೋನ್ ಕಂಪೆನಿಯ ಒಳಗೇ ಇತ್ತು! ಗುಣಮಟ್ಟ ನೋಡುವವರು ಗ್ಯಾರಂಟಿ ಅವಧಿಯಲ್ಲಿ ಮರಳಿಬಂದ ಟೈರುಗಳ ಲೆಕ್ಕವನ್ನು ನೋಡುತ್ತಿದ್ದರು. ಅದರಲ್ಲಿ ಗಾಬರಿಪಡುವಂಥದ್ದು ಕಾಣಲಿಲ್ಲ. ಗಾಯ, ಸಾವು, ಆಸ್ತಿ ನಷ್ಟಕ್ಕೆ ಪರಿಹಾರ ಕೋರಿದ ಅರ್ಜಿಗಳು ಬೇರೆ ವಿಭಾಗದಲ್ಲಿದ್ದವು. ಅವುಗಳಿಂದ ಎಷ್ಟು ಹಣ ಕೊಡಬೇಕಾದೀತು ಎಂಬ ಲೆಕ್ಕ ಮಾತ್ರ ನಡೆಯುತ್ತಿತ್ತು. 2000ದ ಜುಲೈ ಕೊನೆಯಲ್ಲಿ ಆ ದಾಖಲೆಗಳನ್ನು ಪಡೆದು ಫೋರ್ಡ್ ವಿಶ್ಲೇಷಿಸಿದಾಗ ಕೆಲವೇ ದಿನಗಳಲ್ಲಿ ಚಿತ್ರ ಸ್ಪಷ್ಟವಾಯಿತು. ದೂರುಗಳು ಇಲಿನಾಯ್ ರಾಜ್ಯದ ಡೆಕಟರ್ ಕಾರ್ಖಾನೆಯ ಟೈರುಗಳತ್ತ ಬೆರಳು ತೋರುತ್ತಿದ್ದವು.

ಡೆಕಟರ್ ಏಕೆ? 1994ರ ಜುಲೈನಿಂದ 1995ರ ಮೇವರೆಗೆ ಅಲ್ಲಿ ಕಾರ್ಮಿಕರ ದೊಡ್ಡ ಮುಷ್ಕರ ನಡೆದಿತ್ತು. ಕಂಪೆನಿ ಬದಲಿ ಕೆಲಸಗಾರರನ್ನು ತಂದು ಉತ್ಪಾದನೆ ಮುಂದುವರಿಸಿತ್ತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ಮತ್ತು ಅಲೆಕ್ಸಾಂಡ್ರೆ ಮಾಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೈರು ತಯಾರಾದ ದಿನಾಂಕಗಳನ್ನು ದೂರುಗಳೊಂದಿಗೆ ಹೋಲಿಸಿ ನೋಡಿದರು. ದೋಷಗಳು ಎರಡು ಅವಧಿಗಳಲ್ಲಿ ಹೆಚ್ಚಾಗಿದ್ದವು. ಒಂದು, ಕಂಪೆನಿ ಕಠಿಣ ಷರತ್ತುಗಳನ್ನು ಮುಂದಿಟ್ಟ ಮುಷ್ಕರಪೂರ್ವದ ತಿಂಗಳುಗಳು. ಇನ್ನೊಂದು, ಮುಷ್ಕರ ಮುಗಿಸಿ ಮರಳಿದವರೂ ಬದಲಿ ಕೆಲಸಗಾರರೂ ಅಕ್ಕಪಕ್ಕದಲ್ಲಿ ನಿಂತು ದುಡಿದ ಕಾಲ. ಮನಸ್ಸು ಮುರಿದ ಕಡೆ ಕೆಲಸವೂ ಕೆಡುತ್ತದೆ ಎಂಬ ಹಿರಿಯರ ಮಾತಿಗೆ ಅಂಕಿಅಂಶದ ಬೆಂಬಲ ಸಿಕ್ಕಿತು. ಆ ಕಾರ್ಖಾನೆ 2001ರ ಕೊನೆಯಲ್ಲಿ ಮುಚ್ಚಿತು.

ಕಾನೂನು ಬಂತು

ಸೌದಿ ಅರೇಬಿಯ ಮುಂತಾದ ಕೊಲ್ಲಿ ದೇಶಗಳಲ್ಲಿ ಫೋರ್ಡ್ 1999ರಲ್ಲೇ ಈ ಟೈರುಗಳನ್ನು ಬದಲಿಸತೊಡಗಿತ್ತು. ಬೇರೆ ದೇಶದಲ್ಲಿ ಮಾಡಿದ್ದನ್ನು ಅಮೆರಿಕಕ್ಕೆ ತಿಳಿಸಬೇಕೆಂಬ ನಿಯಮ ಆಗ ಇರಲಿಲ್ಲ. 2000ದ ನವೆಂಬರ್ 1ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ 'ಟ್ರೆಡ್' ಕಾಯ್ದೆ ಈ ಕೊರತೆಯನ್ನು ನೀಗಿಸಿತು. ಸಾವು, ಗಾಯ, ಗ್ಯಾರಂಟಿ, ಗ್ರಾಹಕರ ದೂರು, ಹೊರದೇಶಗಳಲ್ಲಿ ಕೈಗೊಂಡ ಕ್ರಮ ಇವೆಲ್ಲವನ್ನೂ ಕಂಪೆನಿಗಳು ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಗಾಳಿ ಇಳಿದರೆ ಫಲಕದಲ್ಲಿ ದೀಪ ಹೊತ್ತಿಸುವ ಸಾಧನ ಅಲ್ಲಿ 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು ಇದೇ ಕಾಯ್ದೆಯ ಫಲ.

ನಮ್ಮಲ್ಲಿಯೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ದೋಷವುಳ್ಳ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ನಿಗದಿತ ಪ್ರಮಾಣದ ಮಾಲೀಕರು ದೂರು ಕೊಟ್ಟರೆ ಅದೂ ಕ್ರಮಕ್ಕೆ ಆಧಾರವಾಗುತ್ತದೆ. ಅಂದರೆ ಬಾಯಿಮಾತಿನ ಬೈಗುಳಕ್ಕಿಂತ ದಾಖಲಾದ ದೂರಿಗೆ ಬೆಲೆ ಹೆಚ್ಚು.

ಮನೆಯಲ್ಲೇ ಮಾಡಬಹುದಾದ್ದು

ದೊಡ್ಡ ಗಾಡಿಯಲ್ಲಿ ಸಂಸಾರ ಸಮೇತ ದೂರ ಹೊರಡುವವರು ನಾಲ್ಕು ಸಂಗತಿ ನೆನಪಿಡಬೇಕು. ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿ ಟೈರಿನ ಒತ್ತಡ ಬರೆದಿರುತ್ತದೆ. ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ, ಅಷ್ಟು ಗಾಳಿಯಿದೆಯೇ ನೋಡಬೇಕು. ಪೂರ್ತಿ ಭಾರಕ್ಕೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನು ಪಾಲಿಸಬೇಕು. ಟೈರಿನ ಪಕ್ಕೆಯ ಮೇಲಿರುವ ನಾಲ್ಕು ಅಂಕಿಗಳು ಅದರ ಜನ್ಮದಿನ ಹೇಳುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರದ್ದು ಎಂದರ್ಥ. ಇದನ್ನು ಓದುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು. ಹೊರಮೈ ಉಬ್ಬಿದ್ದರೆ, ಓಡುವಾಗ ಹೊಸದಾಗಿ ಅದುರು ಕಾಣಿಸಿಕೊಂಡರೆ ತಕ್ಷಣ ತೋರಿಸಬೇಕು.

ದೋಷ ಕಂಡಾಗ ದಿನಾಂಕ, ಓಡಿದ ಕಿಲೋಮೀಟರು, ಟೈರಿನ ಅಂಕಿ ಇವನ್ನು ಬರೆದು ಕಂಪೆನಿಗೂ ಸಂಬಂಧಪಟ್ಟ ಇಲಾಖೆಗೂ ತಿಳಿಸುವುದು ಐದನೆಯ ಕೆಲಸ. ಒಂದು ಕಾಗದದಿಂದ ಏನಾದೀತು ಎಂದು ಕೈಬಿಡುವವರೇ ಹೆಚ್ಚು. ಬಾಯ್ಡನ್ ಜೋಡಿಸಿದ ಪಟ್ಟಿಯಲ್ಲಿದ್ದದ್ದೂ ಅಂಥ ಒಂದೊಂದೇ ಕಾಗದಗಳು. ಅವುಗಳನ್ನು 1998ರಲ್ಲೇ ಗಂಭೀರವಾಗಿ ಓದಿದ್ದರೆ 271ರಲ್ಲಿ ಎಷ್ಟೋ ಮಂದಿ ಉಳಿಯುತ್ತಿದ್ದರು.